ಗವಂತಿಯಲ್ಲಿ ಗೋಪುರ ಹತ್ತಿದ ದಾರ ವಾಪಸ್ ಇಳಿಯೋದು ಹೇಗೆ? ಜೊತೆಗೆ, ಹುಬ್ಬಳ್ಳಿಯಲ್ಲಿ ಒಂದು ಭಾನುವಾರ

ಡಬ್ಬಿಸೂಜಿ (ಶಿವಮೊಗ್ಗ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ದಾರದ್ದು, ಇನ್ನೊಂದು ಬಸ್ಸಿನದು. ಎರಡಕ್ಕೂ ಧಾರವಾಡದ ಕಡೆಯವರೇ ಉತ್ತರ ಹೇಳಬೇಕು, ಅದಕ್ಕೆ ಒಟ್ಟಿಗೇ ಹಾಕುತ್ತಿದ್ದೇನೆ.

ನನ್ನದು ಆಡಿಟ್ ಕೆಲಸ. ಸಹಕಾರಿ ಸಂಘಗಳ ಲೆಕ್ಕ ನೋಡಲು ಊರೂರು ಅಲೆಯುತ್ತೇನೆ. ಹಗಲು ಬೇರೆಯವರ ಅಂಕಿ ಎಣಿಸುವುದು, ರಾತ್ರಿ ಲಾಡ್ಜಿನಲ್ಲಿ ಕೂತು ಬಟ್ಟೆಯ ಎಳೆ ಎಣಿಸುವುದು. ಯಾವ ಊರಿಗೆ ಕಳಿಸಿದರೂ ನಾನು ಮೊದಲು ಕೇಳುವುದು ಒಂದೇ: ಇಲ್ಲಿ ನೇಯುವವರು, ಹೊಲಿಯುವವರು ಯಾರಿದ್ದಾರೆ? ಮೊಳಕಾಲ್ಮೂರಿನಲ್ಲಿ ರೇಷ್ಮೆ ಮಗ್ಗದ ಪಕ್ಕ ಕೂತು ಊಟ ಮರೆತಿದ್ದೇನೆ. ಸಂಡೂರಿನಲ್ಲಿ ಲಂಬಾಣಿ ಹೆಂಗಸರು ಬಟ್ಟೆಗೆ ಕನ್ನಡಿ ಕೂರಿಸುವುದನ್ನು ನೋಡುತ್ತಾ ಕೊನೇ ಬಸ್ಸು ಬಿಟ್ಟಿದ್ದೇನೆ. ಸಂಘದ ಕಾರ್ಯದರ್ಶಿಗಳ ಪಾಲಿಗೆ ನಾನು ವಿಚಿತ್ರ ಪ್ರಾಣಿ. ಲೆಕ್ಕದಲ್ಲಿ ತಪ್ಪು ಹುಡುಕಲು ಬಂದವಳು ಅವರ ಮನೆಯವರ ಸೆರಗು ತಿರುಗಿಸಿ ಹಿಂಬದಿ ನೋಡುತ್ತಾಳೆ.

ಪೆಪ್ಪರ್‌ಮಿಂಟಿನ ಹಳೇ ತಗಡಿನ ಡಬ್ಬಿಯಲ್ಲಿ ನನ್ನ ಸಾಮಾನೆಲ್ಲ ಹಿಡಿಯುತ್ತದೆ. ಒಳಗೆ ಚಿಕ್ಕ ಅಯಸ್ಕಾಂತ ಅಂಟಿಸಿದ್ದೇನೆ, ಬಸ್ಸು ಹಂಪ್ ಹಾರಿದರೂ ಸೂಜಿ ಚೆಲ್ಲುವುದಿಲ್ಲ. ಕತ್ತರಿ ಬದಲು ನೇಲ್ ಕಟರ್. ಇಷ್ಟು ವರ್ಷ ಐಡಾ ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್ ಮಾಡಿದವಳು ನಾನು. ಇಂಚಿಗೆ 14 ಚೌಕ, ಎಣಿಸುವ ಗೋಜೇ ಇಲ್ಲ. ಹಿಂಬದಿ ಹೇಗಿದ್ದರೂ ಫ್ರೇಮ್ ಹಾಕಿಸಿದರೆ ಮುಗಿಯಿತು.

ಈಗ ಧಾರವಾಡದ ಕಡೆಯ, ಎಳೆ ಎಣಿಸಿ ಹಾಕುವ ಕಸೂತಿಗೆ ಇಳಿದಿದ್ದೇನೆ. ಎಳೆ ಸ್ಪಷ್ಟವಾಗಿ ಕಾಣುವ ಮ್ಯಾಟಿ ಬಟ್ಟೆಯ ಮೇಲೆ ಗವಂತಿ ಹೊಲಿಗೆ. ನೇರ ಗೆರೆ ಸಲೀಸು. ಒಂದು ಬಿಟ್ಟು ಒಂದು ಹೊಲಿದುಕೊಂಡು ಹೋಗುವುದು, ಬಿಟ್ಟ ಜಾಗ ತುಂಬಿಕೊಂಡು ವಾಪಸ್ ಬರುವುದು. ಎರಡೂ ಬದಿ ಒಂದೇ ತರಹ ಕಾಣುತ್ತದೆ, ನೋಡಿದರೆ ಖುಷಿಯಾಗುತ್ತದೆ. ಆದರೆ ಗೋಪುರದ ಚಿತ್ತಾರ ಶುರು ಮಾಡಿದರೆ ಸಿಕ್ಕಿಬೀಳುತ್ತೇನೆ. ಪಕ್ಕಕ್ಕೆ ಚಾಚಿದ ದೀಪದ ಕಡ್ಡಿ, ನಡುವೆ ಕಿಟಕಿಯ ಚಿಕ್ಕ ಚೌಕ, ಮೇಲೆ ಕಳಸ. ಕಳಸ ಮುಟ್ಟುವ ಹೊತ್ತಿಗೆ ಕೆಳಗೆ ಎಲ್ಲೋ ಒಂದು ಕೊಂಬೆ ಬಾಕಿ ಉಳಿದಿರುತ್ತದೆ. ಹಿಂಬದಿಯಲ್ಲಿ ದಾರ ಹಾರಿಸಿಕೊಂಡು ಹೋಗದೆ ಬೇರೆ ದಾರಿ ಕಾಣುವುದಿಲ್ಲ. ಕಿಟಕಿಯದಂತೂ ಇನ್ನೂ ತಮಾಷೆ. ಚೌಕವನ್ನು ಎರಡು ಸುತ್ತು ಹಾಕಿದರೂ ಎರಡು ಬದಿ ಖಾಲಿಯೇ ಇರುತ್ತದೆ! ಇದಕ್ಕೆ ಏನಾದರೂ ನಿಯಮ ಇದೆಯಾ, ಅಥವಾ ಪ್ರತಿ ಚಿತ್ತಾರಕ್ಕೂ ದಾರಿ ಬಾಯಿಪಾಠ ಮಾಡಬೇಕಾ?

ಇನ್ನು ಬಸ್ಸಿನ ವಿಷಯ. ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಕೆಲಸ. ಭಾನುವಾರ ಬಿಡುವು, ಸೋಮವಾರ ರಜೆ ಹಾಕಬಹುದು. ಬಾದಾಮಿ, ಐಹೊಳೆ ನೋಡಿ ಆಗಿದೆ. ನನಗೆ ಮಗ್ಗ ನೋಡಬೇಕು, ಕೈಯಲ್ಲಿ ಸೂಜಿ ಹಿಡಿದವರನ್ನು ನೋಡಬೇಕು. ಕಪ್ಪು ಇಳಕಲ್ ಸೀರೆ ತಗೊಂಡು ಸೆರಗಿನ ಹತ್ತಿರ ಸಾಲಾಗಿ ತೇರು ಹಾಕುವ ಆಸೆ ಇದೆ. ಆದರೆ ಲಾಡ್ಜಿನ ಮಂಕು ಬೆಳಕಿನಲ್ಲಿ ಕಪ್ಪು ಬಟ್ಟೆಯ ಎಳೆ ಎಣಿಸುವುದು ಮನುಷ್ಯರ ಕೈಲಿ ಆಗುತ್ತದಾ? ನನ್ನ ಕನ್ನಡಕದ ನಂಬರು ಬೇರೆ ಏರಿದೆ.

ಸುಮ್ನೆ ಶೋರೂಮಿನ ಹೆಸರು ಹೇಳಬೇಡಿ, ದಯವಿಟ್ಟು.

---

ಮಾಳಮಡ್ಡಿ ಕಾಕು (ಧಾರವಾಡ):

ನೋಡವಾ, ನಿನಗಿಂತ ದೊಡ್ಡಾಕಿ ನಾನು, ಅದಕ್ಕೆ ಏಕವಚನದಲ್ಲೇ ಬರೆಯುತ್ತೇನೆ. ಬೇಜಾರು ಮಾಡ್ಕೋಬೇಡ.

ನಿಯಮ ಇದೆ. ಒಂದೇ ಒಂದು. ಬಾಯಿಪಾಠ ಬೇಕಾಗಿಲ್ಲ.

ಪಂಚಮಿ ಉಂಡಿ ಹಂಚಲು ಹೊರಟಿದ್ದೀ ಅಂತ ತಿಳ್ಕೋ. ದೊಡ್ಡ ಬೀದಿಯಲ್ಲಿ ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆಗೆ ಕೊಡು. ಉಳಿದ ಮನೆಗಳಿಗೆ ವಾಪಸ್ ಬರುವಾಗ. ಆದರೆ ನಡುವೆ ಓಣಿ ಸಿಕ್ಕಿತೋ, ಆಗಲೇ ಒಳಗೆ ಹೋಗಿ, ಅಲ್ಲೂ ಹೀಗೇ ಕೊಡುತ್ತಾ ತುದಿ ಮುಟ್ಟಿ, ಉಳಿದ ಮನೆ ಮುಗಿಸಿಕೊಂಡು ಓಣಿಯ ಬಾಯಿಗೆ ಬರಬೇಕು. ಆಮೇಲೆ ದೊಡ್ಡ ಬೀದಿ. "ಓಣಿ ಬರುವಾಗ ನೋಡಿದರಾಯಿತು" ಅಂತ ಮುಂದೆ ಹೋದವರೇ ಸಿಕ್ಕಿಬೀಳುವುದು.

ಅಂದರೆ ಗೋಪುರದ ನಡುಗೆರೆ ನಿನ್ನ ಬೀದಿ. ದೀಪದ ಕಡ್ಡಿ ಓಣಿ. ಹತ್ತುವಾಗ ಕಡ್ಡಿ ಬುಡಕ್ಕೆ ಬಂದ ಕೂಡಲೇ ಅದನ್ನು ಹೋಗಿ ಬಂದು ಪೂರ್ತಿ ಮುಗಿಸು. ಓಣಿಯಲ್ಲಿ ಹೋದಷ್ಟೇ ಹೊಲಿಗೆ ಬರುವಾಗಲೂ ಬೀಳುತ್ತದೆ, ಹಾಗಾಗಿ ಒಟ್ಟು ಯಾವಾಗಲೂ ಸಮಸಂಖ್ಯೆ. ಸೂಜಿ ಬಟ್ಟೆಯ ಯಾವ ಬದಿಯಲ್ಲಿ ಬೀದಿ ಬಿಟ್ಟಿತ್ತೋ ಅದೇ ಬದಿಗೆ ಬಂದು ನಿಲ್ಲುತ್ತದೆ. ಓಣಿಗೆ ಹೋಗೇ ಇರಲಿಲ್ಲ ಅನ್ನುವ ಹಾಗೆ ಮುಂದೆ ಹೋಗು. ನೀನು ಲೆಕ್ಕದಾಕಿ, ನಿನಗೆ ಇದು ಬೇಗ ತಿಳಿಯುತ್ತದೆ.

ಕಿಟಕಿಯ ಚೌಕಕ್ಕೂ ಇದೇ ಮಾತು. ನೀನು ಚೌಕವನ್ನು ಒಂದೇ ದಿಕ್ಕಿನಲ್ಲಿ ಎರಡು ಸುತ್ತು ಹಾಕುತ್ತಿದ್ದೀ. ನಾಲ್ಕು ಬದಿ ಸಮಸಂಖ್ಯೆ, ಹಾಗಾಗಿ ಎರಡನೇ ಸುತ್ತಿನಲ್ಲಿ ಹೊಲಿದ ಬದಿಯ ಮೇಲೇ ಮತ್ತೆ ಹೊಲಿಗೆ ಬೀಳುತ್ತದೆ. ಖಾಲಿ ಬದಿ ಖಾಲಿಯೇ. ಒಂದು ಸುತ್ತು ಹಾಕಿ ಶುರುವಿನ ಮೂಲೆಗೆ ಬಂದ ಮೇಲೆ ಮುಂದೆ ಹೋಗಬೇಡ. ಅಲ್ಲೇ ತಿರುಗಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗು. ಎರಡೂ ಬದಿ ತುಂಬುತ್ತದೆ.

ಬಟ್ಟೆ ಮುಟ್ಟುವ ಮೊದಲು ಚೌಕುಳಿ ಹಾಳೆಯ ಮೇಲೆ ಎರಡು ಬಣ್ಣದ ಪೆನ್ಸಿಲ್ ತಗೊಂಡು ನಡೆದು ನೋಡು. ಮೇಲಿನ ಹೊಲಿಗೆಗೆ ಒಂದು ಬಣ್ಣ, ಕೆಳಗಿನದಕ್ಕೆ ಇನ್ನೊಂದು. ಪ್ರತಿ ಗೆರೆಗೂ ಎರಡೂ ಬಣ್ಣ ಬಿದ್ದರೆ ದಾರಿ ಸರಿ. ನಮ್ಮ ಅತ್ತೆ ಹಾಳೆಯನ್ನೂ ಮುಟ್ಟಿದವರಲ್ಲ, ಗುರುತನ್ನೂ ಹಾಕಿದವರಲ್ಲ. ಎಳೆ ಎಣಿಸಿ ನೇರವಾಗಿ ಆನೆ ಅಂಬಾರಿ ಇಳಿಸುತ್ತಿದ್ದರು. ಅವರ ಸಮಕ್ಕೆ ಬರುವುದು ಬೇಡ ನಾವು.

ಗಂಟು ಹಾಕಬೇಡ. ನಾಲ್ಕು ಬೆರಳು ದಾರ ಬಿಟ್ಟು ಶುರು ಮಾಡು. ಕೊನೆಗೆ ಆ ಬಾಲವನ್ನು ಹೊಲಿದ ಗೆರೆಯ ಜೊತೆಗೇ ಓಡಿಸಿ ಕತ್ತರಿಸು. ಸೂಜಿಯ ಮೊನೆ ಮೊಂಡಾಗಿರಲಿ, ಎಳೆ ಸೀಳಬಾರದು. ಮ್ಯಾಟಿಗೆ ದಾರದ ಎರಡು ಎಳೆ ಸಾಕು. ಸೀರೆಗೆ ಎರಡು ಹಾಕಿದರೆ ದಪ್ಪ ಕಾಣುತ್ತದೆ ಅನಿಸಿದರೆ ಒಂದೇ ಹಾಕು. ಕೆಂಪು ದಾರವನ್ನು ಮೊದಲು ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ ನೋಡು. ಬಣ್ಣ ಬಿಡುವ ದಾರ ಎಷ್ಟು ಚೆಂದ ಇದ್ದರೂ ಬೇಡ.

ಇನ್ನೊಂದು. ಎರಡೂ ಬದಿ ಒಂದೇ ಅಂತ ಎಲ್ಲ ಹೊಲಿಗೆಗೂ ಹಟ ಹಿಡಿಯಬೇಡ. ಗವಂತಿಗೆ ಮತ್ತು ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಮುರ್ಗಿಗೆ ಅದು ಸರಿ. ನೇಗಿ ಅಂದರೆ ನೇಯ್ದ ಹಾಗೆ ಉದ್ದ ಗಿಡ್ಡ ಹೊಲಿಗೆ, ಅದರ ಹಿಂಬದಿ ತಿರುಗುಮುರುಗಾಗಿ ಕಾಣುತ್ತದೆ. ಮೆಂತಿ ನಿನ್ನ ಕ್ರಾಸ್ ಸ್ಟಿಚ್ಚೇ. ಅದರ ಹಿಂಬದಿ ಬೇರೆ ಇದ್ದೇ ಇರುತ್ತದೆ. ಇವು ನಾಲ್ಕೂ ಬೆರೆತದ್ದೇ ನಮ್ಮ ಕಸೂತಿ.

ಕಪ್ಪು ಬಟ್ಟೆಯಲ್ಲಿ ಎಳೆ ಕಾಣಬೇಕಾದರೆ ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೋ. ಬಟ್ಟೆಯ ಸಂದಿಯಲ್ಲಿ ಬಿಳುಪು ಇಣುಕುತ್ತದೆ. ಆದರೂ ಹಗಲು ಬೆಳಕಿಗೆ ಅದು ಸಮವಲ್ಲ. ನಮ್ಮ ಕಡೆ ಚಂದ್ರಕಾಳಿ ಅಂದರೆ ಕಪ್ಪು ಸೀರೆಯೇ. ಅದರ ತುಂಬಾ ಕಸೂತಿ. ಸೆರಗಿನ ಹತ್ತಿರ ದೊಡ್ಡ ದೊಡ್ಡ ಗೋಪುರ, ತೇರು, ಆನೆ, ತುಳಸಿಕಟ್ಟೆ. ಒಡಲಿನ ಕಡೆ ಹೋದ ಹಾಗೆ ಚಿತ್ತಾರ ಸಣ್ಣದಾಗುತ್ತದೆ. ಅವರೆಲ್ಲ ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯ ಬಾಗಿಲಲ್ಲಿ ಕೂತು ಹಾಕುತ್ತಿದ್ದರು. ರಾತ್ರಿ ಯಾರೂ ಹಾಕುತ್ತಿರಲಿಲ್ಲ. ನೀನೂ ಲಾಡ್ಜಿನಲ್ಲಿ ಮ್ಯಾಟಿ ಹೊಲಿ, ಸೀರೆ ಭಾನುವಾರಕ್ಕೆ ಇಟ್ಟುಕೋ.

ಎಣಿಸಲು ಆಗುವುದೇ ಇಲ್ಲ ಅಂದರೆ ಸೀರೆಯ ಮೇಲೆ ಜಾಳಿಗೆಯಂಥ ನೆಟ್ ಬಟ್ಟೆ ಟಾಕು ಹಾಕಿ, ಅದರ ಚೌಕ ನೋಡಿ ಹೊಲಿ. ಮುಗಿದ ಮೇಲೆ ನೆಟ್‌ನ ಎಳೆಗಳನ್ನು ಚಿಮಟದಿಂದ ಒಂದೊಂದೇ ಎಳೆದು ತೆಗಿ. ರೇಷ್ಮೆ ಮೇಲೆ ಈಗ ಬಹಳ ಮಂದಿ ಹೀಗೇ ಮಾಡುತ್ತಾರೆ. ಸೂಜಿ ನೆಟ್‌ನ ಎಳೆಯನ್ನು ಚುಚ್ಚದಂತೆ ನೋಡಿಕೋ, ಚುಚ್ಚಿದರೆ ಎಳೆಯುವಾಗ ಜೀವ ಹೋಗುತ್ತದೆ.

ಹುಬ್ಬಳ್ಳಿಯಲ್ಲೇ ಬೆಂಗೇರಿ ಇದೆ. 1957ರಲ್ಲಿ ಶುರುವಾದ ಖಾದಿ ಸಂಯುಕ್ತ ಸಂಘ ಅಲ್ಲಿದೆ, ಖಾದಿ ರಾಷ್ಟ್ರಧ್ವಜ ಅಲ್ಲಿ ತಯಾರಾಗುತ್ತದೆ. ಬಾವುಟದ ಬಟ್ಟೆ ನೇಯುವುದು ಬಾಗಲಕೋಟೆ ಹತ್ತಿರದ ತುಳಸಿಗೇರಿಯಲ್ಲಿ. ಚಕ್ರವನ್ನು ಎರಡೂ ಬದಿಗೆ ಮುದ್ರಿಸುತ್ತಾರೆ, ಒಂದರ ಬೆನ್ನಿಗೆ ಒಂದು ಸರಿಯಾಗಿ ಕೂರಬೇಕು. ಹಿಂಬದಿ ತಿರುಗಿಸಿ ನೋಡುವ ನಿನ್ನ ಚಟಕ್ಕೆ ಹೇಳಿ ಮಾಡಿಸಿದ ಜಾಗ. ಆದರೆ ಕೆಲಸದ ದಿನ ಮೊದಲೇ ಕೇಳಿಕೊಂಡು ಹೋಗು. ಖಾದಿ ಬಟ್ಟೆ ತಂದು ಕಸೂತಿ ಹಾಕುತ್ತೇನೆ ಅನ್ನಬೇಡ. ಕೈನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ನೀನು ಹಾಕಿದ ಆನೆ ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಸೊರಗುತ್ತದೆ.

---

ಲಾಳಿ (ಇಳಕಲ್ಲಿನವ, ಈಗ ಪುಣೆ):

ಕಾಕು ಹೇಳಿದ ಮೇಲೆ ಹೊಲಿಗೆ ಬಗ್ಗೆ ನಾನು ಬಾಯಿ ಹಾಕಲ್ಲ. ಬಟ್ಟೆ ಬಗ್ಗೆ ಮಾತ್ರ.

ನಮ್ಮ ಮನೆಯಲ್ಲಿ ಕುಣಿ ಮಗ್ಗ ಇತ್ತು. ನೇಯುವವರು ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಮಗ್ಗ. ಅಕ್ಕಾ, ಇಳಕಲ್ಲಿಗೆ ಬಂದರೆ ಸೀರೆ ಆಮೇಲೆ ನೋಡಿ, ಮೊದಲು ಕೊಂಡಿ ಹಾಕುವುದನ್ನು ನೋಡಿ. ಇಳಕಲ್ ಸೀರೆಯ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆ) ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿ, ಸೆರಗು ರೇಷ್ಮೆ. ಎರಡು ಹಾಸಿನ ಎಳೆಗಳನ್ನು ಒಂದರೊಳಗೊಂದು ಕುಣಿಕೆ ಹಾಕಿ ಜೋಡಿಸುತ್ತಾರೆ. ಸಾವಿರಾರು ಎಳೆ, ಒಂದೊಂದಾಗಿ. ನಮ್ಮ ಅವ್ವ ಆ ಕೆಲಸ ಮಾಡುವಾಗ ಮನೆಯಲ್ಲಿ ಫ್ಯಾನ್ ಹಾಕುವ ಹಾಗಿರಲಿಲ್ಲ. ಈ ಕೊಂಡಿ ಇರುವುದರಿಂದಲೇ ಬೇರೆ ಸೀರೆಗಳ ಹಾಗೆ ಉದ್ದಕ್ಕೆ ಹಾಸು ಹೂಡಿ ಸಾಲಾಗಿ ಸೀರೆ ನೇಯಲು ಬರುವುದಿಲ್ಲ. ಒಂದು ಸೀರೆಗೆ ಒಂದು ಹಾಸು.

ಕೊಳ್ಳುವಾಗ ಸೆರಗು ಒಡಲು ಕೂಡುವ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿ, ಕುಣಿಕೆ ಕಾಣುತ್ತದೆ. ಇನ್ನು "ಪ್ಯೂರ್ ಸಿಲ್ಕ್ ಸೆರಗು" ಅಂತ ಅಂಗಡಿಯವರು ಹೇಳಿದ್ದನ್ನೆಲ್ಲ ನಂಬಬೇಡಿ. ಹೊಳೆಯುವ ಸೆರಗು ಎಷ್ಟೋ ಸಲ ಚಮಕಾ, ಅಂದರೆ ಕೃತಕ ರೇಷ್ಮೆ. ಅದೂ ಚೆಂದವೇ, ಆದರೆ ಅದಕ್ಕೆ ರೇಷ್ಮೆಯ ರೇಟು ಕೊಡಬೇಡಿ. ತುದಿಯ ಒಂದು ಎಳೆ ಕಿತ್ತು ಸುಟ್ಟರೆ ಗೊತ್ತಾಗುತ್ತದೆ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ ಅಥವಾ ಚಮಕಾ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್, ಅಂಗಡಿಯಿಂದ ಎದ್ದು ಬನ್ನಿ.

ನಿಮ್ಮ ಕೆಲಸಕ್ಕೆ ಹತ್ತಿ ಒಡಲೇ ಸರಿ. ಸೆರಗಿನ ಮೇಲೆ ಏನೂ ಹಾಕಬೇಡಿ. ಅಲ್ಲಿ ಕೆಂಪಿನ ಮೇಲೆ ಬಿಳಿಯ ತೋಪು ತೆನೆ ಇರುತ್ತದೆ. ಜೋಳದ ತೆನೆ, ಹಣಿಗೆ, ಕೋಟೆಯ ಸಾಲು. ಅದರ ಮೇಲೆ ಸೂಜಿ ಆಡಿಸಿದರೆ ನೇಕಾರನಿಗೂ ಅವಮಾನ, ನಿಮಗೂ ಸುಸ್ತು. ಕೊಂಡಿ ಗೆರೆ ಬಿಟ್ಟು ನಾಲ್ಕು ಬೆರಳು ಈಚೆಗೆ ನಿಮ್ಮ ತೇರಿನ ಸಾಲು ಶುರುವಾಗಲಿ. ಹೊಸ ಸೀರೆಯ ಗಂಜಿ ತೊಳೆಯುವ ಮೊದಲೇ ಹೊಲಿಯಿರಿ. ಗಂಜಿ ಇರುವಾಗ ಎಳೆಗಳು ಜರುಗುವುದಿಲ್ಲ, ಎಣಿಸಲು ಸುಲಭ.

ಮಾರುಕಟ್ಟೆಯಲ್ಲಿ ಕಸೂತಿ ಹಾಕಿದ ಇಳಕಲ್ ಸೀರೆ ರಾಶಿ ರಾಶಿ ಸಿಗುತ್ತದೆ, ಬಹಳಷ್ಟು ಮಷೀನಿನದು. ನಿಮಗೆ ಹೇಳಬೇಕಾಗಿಲ್ಲ, ಹಿಂಬದಿ ತಿರುಗಿಸಿದರೆ ಬಾಬಿನ್ ದಾರ ಕಾಣುತ್ತದೆ.

ಹುಬ್ಬಳ್ಳಿಯಿಂದ ಒಂದೇ ದಿನದಲ್ಲಿ ಹೋಗಿ ಬರಬಹುದು, ಆದರೆ ಬಸ್ಸಿನಲ್ಲೇ ಅರ್ಧ ದಿನ ಹೋಗುತ್ತದೆ. ಬೆಳಕು ಹರಿಯುವ ಮೊದಲು ಹೊರಡಿ. ಗುಳೇದಗುಡ್ಡದ ಖಣದ (ರವಿಕೆ ಬಟ್ಟೆಯ) ಮಗ್ಗವನ್ನೂ ಅದೇ ದಿನ ತುರುಕಬೇಡಿ. ರೈಲಿನಲ್ಲಿ ಹೋಗುತ್ತೇನೆ ಅಂದರೆ ಗುಳೇದಗುಡ್ಡ ರೋಡ್ ಸ್ಟೇಷನ್ ಊರಿನಿಂದ ದೂರ ಇದೆ, ಹೆಸರು ನೋಡಿ ಮೋಸ ಹೋಗಬೇಡಿ.

---

ಚಳಿಗೆ ಶಾಲು (ಲೆಸ್ಟರ್, ಇಂಗ್ಲೆಂಡ್):

ಒಂದು ಸಣ್ಣ ಮಾತು. ಗವಂತಿಯ ಹೊಲಿಗೆಯನ್ನೇ ಇಲ್ಲಿ ಹೋಲ್ಬೈನ್ ಸ್ಟಿಚ್ ಅನ್ನುತ್ತಾರೆ. 16ನೇ ಶತಮಾನದ ಚಿತ್ರಕಾರ ಹ್ಯಾನ್ಸ್ ಹೋಲ್ಬೈನ್ ಬರೆದ ಭಾವಚಿತ್ರಗಳಲ್ಲಿ ಅಂಗಿ ತೋಳಿನ ಅಂಚಿನಲ್ಲಿ ಇಂಥ ಕಪ್ಪು ದಾರದ ಕೆಲಸ ಇದೆ. 1536ರ ಸುಮಾರಿಗೆ ಬರೆದ ರಾಣಿ ಜೇನ್ ಸೀಮೋರ್ ಚಿತ್ರ ದೊಡ್ಡದು ಮಾಡಿ ನೋಡಿ. ಮಣಿಕಟ್ಟಿನ ನೆರಿಗೆಯ ಎರಡೂ ಬದಿ ಕಣ್ಣಿಗೆ ಬೀಳುತ್ತದೆ, ಹಾಗಾಗಿ ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕ ಇರಲೇಬೇಕಿತ್ತು. ನಮ್ಮ ಸೆರಗಿಗೂ ಅದೇ ಕಾರಣ ಅಲ್ವಾ? ಆ ಹೆಸರು ಹಾಕಿ ಹುಡುಕಿದರೆ ದಾರಿ ತೋರಿಸುವ ನಕ್ಷೆಗಳು ಬೇಕಾದಷ್ಟು ಸಿಗುತ್ತವೆ. ಕಾಕು ಹೇಳಿದ ಓಣಿ ಲೆಕ್ಕ ಎಲ್ಲದಕ್ಕೂ ಹೊಂದುತ್ತದೆ.

---

ಕೌದಿ ಮೇಷ್ಟ್ರು (ಹಳಿಯಾಳ):

ಎಲ್ಲರೂ ಪೂರ್ವಕ್ಕೆ ಕಳಿಸುತ್ತಿದ್ದಾರೆ. ಧಾರವಾಡದಿಂದ ಪಶ್ಚಿಮಕ್ಕೆ ಹಳಿಯಾಳದ ಬಸ್ಸು ಹತ್ತಿ ನೋಡಿ, ಇಳಕಲ್ಲಿಗಿಂತ ಎಷ್ಟೋ ಹತ್ತಿರ.

ಇಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಕೌದಿ ಹೊಲಿಯುತ್ತಾರೆ, ಅಂದರೆ ತುಂಡು ಬಟ್ಟೆಯ ಹೊದಿಕೆ. ಹಳೇ ಸೀರೆ, ಲುಂಗಿ, ಮಕ್ಕಳ ಯೂನಿಫಾರ್ಮು, ಏನು ಸಿಕ್ಕರೆ ಅದರ ತುಂಡು. ಗ್ರಾಫ್ ಇಲ್ಲ, ಎಣಿಕೆ ಇಲ್ಲ, ಫ್ರೇಮ್ ಇಲ್ಲ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ಮುಕ್ಕೋನದ ಹೂವು ಇಡುತ್ತಾರೆ, ಫುಲಾ ಅಂತ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ನಮ್ಮ ಶಾಲೆಯ ಒಬ್ಬ ಹುಡುಗನ ಅಜ್ಜಿ ನನ್ನ ಹರಿದ ಜುಬ್ಬಾ ನೋಡಿ "ಇದರ ನೀಲಿ ನನಗೆ ಬೇಕು" ಅಂತ ಇಸ್ಕೊಂಡು ಹೋದರು. ಈಗ ಅದು ಯಾರದೋ ಮೊಮ್ಮಗುವಿನ ಕೌದಿಯಲ್ಲಿದೆ.

ಎಳೆ ಎಣಿಸಿ ಎಣಿಸಿ ಕಣ್ಣು ಸೋತವರಿಗೆ ಇದು ಒಳ್ಳೇ ಔಷಧಿ. ಒಂದು ಕೋರಿಕೆ: ಬರುವಾಗ ಕ್ಯಾಮೆರಾ ಬದಲು ಹಳೇ ಹತ್ತಿ ಸೀರೆ ತನ್ನಿ. ಮಾತು ತಾನೇ ಶುರುವಾಗುತ್ತದೆ. ಕೌದಿ ಕೊಂಡರೆ ಚೌಕಾಸಿ ಮಾಡಬೇಡಿ.

---

ಡಬ್ಬಿಸೂಜಿ:

ಕಾಕು, ಹಾಳೆಯ ಮೇಲೆ ಎರಡು ಪೆನ್ಸಿಲ್ ಹಿಡಿದು ನಡೆದೆ. ಲೆಡ್ಜರ್ ತಾಳೆ ಬಿದ್ದ ಹಾಗಾಯಿತು! ಎಲ್ಲ ಗೆರೆಗೂ ಎರಡು ಬಣ್ಣ. ಕಿಟಕಿ ಕೂಡ. ಪಕ್ಕದ ಸೀಟಿನ ಹುಡುಗ "ಆಂಟಿ, ಯಾವ ಎಕ್ಸಾಮಿಗೆ ಓದ್ತಿದ್ದೀರಿ?" ಅಂತ ಕೇಳಿದ.

ಲಾಳಿಯವರೇ, ಸೋಮವಾರ ಇಳಕಲ್ ಗಟ್ಟಿ ಮಾಡಿದೆ. ಸೆರಗು ಮುಟ್ಟುವುದಿಲ್ಲ, ಮಾತು ಕೊಟ್ಟೆ. ಮೇಷ್ಟ್ರೇ, ಭಾನುವಾರ ಹಳಿಯಾಳ. ಹಳೇ ಸೀರೆಗೆ ಬರವಿಲ್ಲ, ನಮ್ಮಮ್ಮನ ಪೆಟ್ಟಿಗೆ ತುಂಬಾ ಇದೆ. ಅಮ್ಮನನ್ನು ಒಪ್ಪಿಸುವುದೊಂದೇ ಕಷ್ಟ. ಬೆಂಗೇರಿಗೆ ಕೆಲಸದ ದಿನವೇ ಊಟದ ಬಿಡುವಿನಲ್ಲಿ ಫೋನ್ ಮಾಡಿ ಹೋಗುತ್ತೇನೆ.

ಕಾಕು, ಇನ್ನೊಂದೇ ಅನುಮಾನ. ದಾರ ನಡುವೆ ಮುಗಿದರೆ? ತೇರು ದೊಡ್ಡದು, ಒಂದೇ ಎಳೆಯಲ್ಲಿ ಆಗುವುದಿಲ್ಲ.

---

ಮಾಳಮಡ್ಡಿ ಕಾಕು:

ಮೊಳ ಒಂದೂವರೆಗಿಂತ ಉದ್ದ ದಾರ ಹಾಕಬೇಡ, ಸಿಂಬಿ ಸುತ್ತುತ್ತದೆ. ಹಾಗಾಗಿ ನಡುವೆ ಮುಗಿದೇ ಮುಗಿಯುತ್ತದೆ. ಓಣಿಯೊಳಗೆ ಮಾತ್ರ ಮುಗಿಯಬಾರದು. ಓಣಿ ಹೊಗುವ ಮೊದಲು ದಾರ ಅಳೆದು ನೋಡು. ಹೋಗಿ ಬರಲು ಸಾಲದು ಅನಿಸಿದರೆ ಬೀದಿಯಲ್ಲೇ ನಿಲ್ಲಿಸಿ ಹೊಸ ದಾರ ತಗೋ. ಬೀದಿಯಲ್ಲಿ ಹಳೇ ಬಾಲ, ಹೊಸ ಬಾಲ ಎರಡನ್ನೂ ಅಡಗಿಸಲು ಉದ್ದ ಗೆರೆ ಸಿಗುತ್ತದೆ, ಕಡ್ಡಿಯ ತುದಿಯಲ್ಲಿ ಸಿಗುವುದಿಲ್ಲ.

ಅಮ್ಮನ ಸೀರೆ ಕೇಳದೆ ಒಯ್ಯಬೇಡ.